ಕೆತ್ತನೆಯ ತಾಯ್ನುಡಿ

ಮರದ ಮೇಲಿನ ಕೆತ್ತನೆಯನ್ನು ಓದುವುದಕ್ಕೆ ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಪಟ್ಟಿಯ ವಿಧಾನ. ತಾವರೆ ಎಂದರೆ ಪರಿಶುದ್ಧಿ, ದಾಳಿಂಬೆ ಎಂದರೆ ಸಂತಾನ, ಬಾವಲಿ ಎಂದರೆ ಭಾಗ್ಯ, ಸಿಂಹ ಎಂದರೆ ಅಧಿಕಾರ ಎಂದು ಒಂದು ಬದಿಗೆ ಆಕೃತಿಯನ್ನೂ ಇನ್ನೊಂದು ಬದಿಗೆ ಅರ್ಥವನ್ನೂ ಬರೆದಿಟ್ಟುಕೊಂಡರೆ ಹಳೆಯ ಮಂಚ, ಬಾಗಿಲು, ಪೆಟ್ಟಿಗೆಗಳೆಲ್ಲ ತಮ್ಮ ಗುಟ್ಟನ್ನು ಬಿಟ್ಟುಕೊಡುತ್ತವೆ ಎಂಬ ನಂಬಿಕೆ ಹಳೆಯ ವಸ್ತುಗಳನ್ನು ಮಾರುವವರಲ್ಲಿಯೂ ಕೊಳ್ಳುವವರಲ್ಲಿಯೂ ಸಮನಾಗಿ ಬೇರೂರಿದೆ. ಈ ಪಟ್ಟಿಗಳು ಸುಳ್ಳಲ್ಲ, ಆದರೆ ಅವು ಅರ್ಥವನ್ನು ಹೇಳುವ ಭರದಲ್ಲಿ ಅರ್ಥ ಹುಟ್ಟಿದ ದಾರಿಯನ್ನು ಮರೆಸಿಬಿಡುತ್ತವೆ. ಮನುಷ್ಯನ ಮಾತಿಗಿರುವಂತೆಯೇ ಕೆತ್ತನೆಗೂ ಒಂದು ತಾಯ್ನುಡಿ ಇದೆ, ಆ ನುಡಿಯ ಕಿವಿಯಿಲ್ಲದವನಿಗೆ ಅದು ಬರಿಯ ಹೂಬಳ್ಳಿಯಾಗಿ ಉಳಿಯುತ್ತದೆ. ಚೀನಾದ ಹಳೆಯ ಮಲಗುವ ಮನೆಯ ಮರಗೆಲಸವನ್ನೂ ಸಿರಿಗೆರೆಯ ಸುತ್ತಣ ಚಿತ್ರದುರ್ಗ ಸೀಮೆಯ ಮನೆಗಳ ಮರಗೆಲಸವನ್ನೂ ಒಂದರ ಪಕ್ಕ ಒಂದನ್ನಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ, ಏಕೆಂದರೆ ಎರಡೂ ಕಡೆ ಬಡಗಿಯ ಉಳಿ ಹಾರೈಕೆಯನ್ನೇ ಕೆತ್ತಿದೆಯಾದರೂ ಹಾರೈಸುವ ಬಗೆ ಬೇರೆ, ಹಾರೈಕೆಗೆ ಆರಿಸಿಕೊಂಡ ಜಾಗವೂ ಬೇರೆ.

ಚೀನಾದ ಸಿರಿವಂತರ ಮಂಚ ಕನ್ನಡಿಗರ ಕಲ್ಪನೆಯ ಮಂಚವಲ್ಲ. ಮಿಂಗ್ ಅರಸರ ಕಾಲ, ಅಂದರೆ 1368ರಿಂದ 1644ರವರೆಗಿನ ಅವಧಿ, ಮತ್ತು ಅದರ ನಂತರದ ಚಿಂಗ್ ಅರಸರ ಕಾಲಗಳಲ್ಲಿ ಬೆಳೆದು ಬಂದ ಚೌಕಟ್ಟಿನ ಮಂಚಕ್ಕೆ ನಾಲ್ಕು ಅಥವಾ ಆರು ಕಂಬಗಳು, ಮೇಲೆ ಮರದ ಚಾವಣಿ, ಮೂರು ಬದಿಗೆ ಜಾಲರಿಯ ಕಟಾಂಜನ ಇರುತ್ತಿದ್ದವು. ಇದನ್ನೂ ಮೀರಿದ ಬಾಬುಚ್ವಾಂಗ್ ಎಂಬ ಬಗೆಯಲ್ಲಿ ಮಂಚವು ಮರದ ಜಗಲಿಯೊಂದರ ಮೇಲೆ ನಿಂತು, ಅದರ ಮುಂದೆ ಪುಟ್ಟದೊಂದು ಪಡಸಾಲೆ, ಅಲ್ಲಿ ದೀಪಕ್ಕೆ, ಪೆಟ್ಟಿಗೆಗೆ, ಕೂರುವ ಮಣೆಗೆ ಬೇರೆ ಬೇರೆ ಎಡೆ ಇದ್ದು, ಒಟ್ಟು ರಚನೆ ಮನೆಯೊಳಗಿನ ಮನೆಯಂತೆ ಕಾಣುತ್ತಿತ್ತು. ಜೆಜಿಯಾಂಗ್ ಪ್ರಾಂತದ ನಿಂಗ್ಬೋ ಸೀಮೆಯಲ್ಲಿ ಇಂಥ ಮಂಚಕ್ಕೆ ಸಾವಿರ ಆಳುಗೆಲಸದ ಮಂಚ ಎಂಬ ಹೆಸರಿತ್ತು. ಒಬ್ಬ ಕುಶಲಕರ್ಮಿಯ ಒಂದು ದಿನದ ದುಡಿಮೆಯನ್ನು ಒಂದು ಆಳು ಎಂದು ಎಣಿಸಿದರೆ ಸುಮಾರು ಮೂರು ವರ್ಷದ ಕೆಲಸ ಒಂದೇ ಮಂಚಕ್ಕೆ ಸಲ್ಲುತ್ತಿತ್ತೆಂಬುದು ಅದರ ಭಾವ. ಅದೇ ಸೀಮೆಯಲ್ಲಿ ಕೆಂಪು ಅರಗಿನ ಬಣ್ಣ ಬಳಿದ ಪೆಟ್ಟಿಗೆ, ಮೇಜು, ತೊಟ್ಟಿ, ಕನ್ನಡಿಸ್ಟ್ಯಾಂಡುಗಳು ಮದುವಣಗಿತ್ತಿಯ ಹಿಂದೆ ಮೆರವಣಿಗೆಯಲ್ಲಿ ಸಾಗುತ್ತಿದ್ದವು, ಆ ಸಾಲಿನ ಉದ್ದವನ್ನು ‘ಲಿ’ ಎಂಬ ಚೀನೀ ಅಳತೆಯಲ್ಲಿ ಹತ್ತು ಲಿ ಎಂಬಂತೆ ಬಣ್ಣಿಸುವ ನುಡಿಗಟ್ಟೂ ಅಲ್ಲಿ ಉಳಿದುಬಂದಿದೆ.

ಈ ಮಂಚಗಳ ಮೇಲೆ ಕೆತ್ತಿರುವುದೇನೆಂದು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಬಾವಲಿ. ಕನ್ನಡ ನಾಡಿನಲ್ಲಿ ಪಾಳು ಗುಡಿಯ, ಬಿಕೋ ಎನ್ನುವ ಮನೆಯ ನೆನಪನ್ನು ತರುವ ಈ ಪ್ರಾಣಿಯನ್ನು ನವದಂಪತಿಗಳ ತಲೆಯ ಮೇಲೆ ಯಾರಾದರೂ ಏಕೆ ಕೆತ್ತುತ್ತಾರೆ ಎಂಬ ಪ್ರಶ್ನೆಗೆ ಬಾವಲಿಯ ಸ್ವಭಾವದಲ್ಲಿ ಉತ್ತರ ಹುಡುಕಿದರೆ ಸಿಗುವುದಿಲ್ಲ. ಚೀನೀ ಭಾಷೆಯಲ್ಲಿ ಬಾವಲಿಯ ಹೆಸರಿನ ಕೊನೆಯ ಅಕ್ಷರ ‘ಫು’, ಸೌಭಾಗ್ಯಕ್ಕಿರುವ ಪದವೂ ‘ಫು’. ಅದು ತಲೆಕೆಳಗಾಗಿ ತೂಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ತಲೆಕೆಳಗಾಗುವುದಕ್ಕೂ ಬಂದು ತಲುಪುವುದಕ್ಕೂ ಅಲ್ಲಿ ‘ದಾವ್’ ಎಂಬ ಒಂದೇ ಉಚ್ಚಾರ, ಹೀಗಾಗಿ ಜೋತುಬಿದ್ದ ಬಾವಲಿ ಭಾಗ್ಯ ಬಂದು ತಲುಪಿತೆಂದು ಸಾರುತ್ತದೆ. ಬಾವಲಿಯ ಜೊತೆಗೆ ನಡುವೆ ತೂತುಳ್ಳ ನಾಣ್ಯವನ್ನು ಕೆತ್ತಿದರೆ, ನಾಣ್ಯಕ್ಕೂ ‘ಮುಂದೆ’ ಎಂಬುದಕ್ಕೂ ‘ಚಿಯೆನ್’ ಎಂಬ ಒಂದೇ ಸದ್ದು ಇರುವುದರಿಂದ ಮತ್ತು ತೂತನ್ನು ಕಣ್ಣೆಂದು ಕರೆಯುವುದರಿಂದ, ಸೌಭಾಗ್ಯ ಕಣ್ಣ ಮುಂದೆಯೇ ಇದೆ ಎಂಬ ಪೂರ್ಣ ವಾಕ್ಯವೇ ಸಿದ್ಧವಾಗುತ್ತದೆ. ಹೂದಾನಿಗೂ ಶಾಂತಿಗೂ ‘ಪಿಂಗ್’, ಮೀನಿಗೂ ಸಮೃದ್ಧಿಯ ಉಳಿಕೆಗೂ ‘ಯು’, ಜಿಂಕೆಗೂ ಅಧಿಕಾರಿಯ ಸಂಬಳಕ್ಕೂ ‘ಲು’. ಅಳತೆಯೂ ಇದೇ ಜಾಡಿನದು: ಮಂಚದ ಅಳತೆ ಏಳನ್ನು ಬಿಟ್ಟಿರಬಾರದೆಂದು ಬಡಗಿಗಳ ಗಾದೆಯೊಂದು ಹೇಳುತ್ತದೆ, ಏಕೆಂದರೆ ಏಳಕ್ಕೂ ಹೆಂಡತಿಗೂ ‘ಚಿ’ ಎಂಬ ಒಂದೇ ಉಚ್ಚಾರ.

ಇದು ಬರಿಯ ಆಟವಲ್ಲ, ಒಂದು ಭಾಷೆಯ ಮೈಕಟ್ಟಿನಿಂದ ಹುಟ್ಟಿದ ಕಲೆ. ಇಂದಿನ ಪ್ರಮಾಣ ಚೀನೀ ಭಾಷೆಯಲ್ಲಿ, ಸ್ವರದ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಸುಮಾರು 400 ಉಚ್ಚಾರಗಳು ಮಾತ್ರ ಇವೆ, ಸಾವಿರಾರು ಪದಾಂಶಗಳು ಆ ನಾನೂರರಲ್ಲೇ ಇಕ್ಕಟ್ಟಾಗಿ ಬದುಕಬೇಕಾದುದರಿಂದ ಒಂದೇ ಸದ್ದಿಗೆ ಹತ್ತಾರು ಅರ್ಥಗಳು ಸದಾ ಸಿದ್ಧವಾಗಿರುತ್ತವೆ. ಅಲ್ಲಿನ ಚಿತ್ರ ಉಚ್ಚಾರವನ್ನು ತೋರಿಸುತ್ತದೆ, ಉಚ್ಚಾರ ಬೇರೊಂದು ಪದವನ್ನು ಕರೆದು ತರುತ್ತದೆ. ಕನ್ನಡದ ಪದಗಳಾದರೋ ಬಹುಮಟ್ಟಿಗೆ ಎರಡು, ಮೂರು, ನಾಲ್ಕು ಅಕ್ಷರಗಳವು, ವಿಭಕ್ತಿ ಪ್ರತ್ಯಯಗಳನ್ನು ಹೊತ್ತು ವಾಕ್ಯದಲ್ಲಿ ರೂಪ ಬದಲಿಸುವಂಥವು. ಕನ್ನಡದ ಕವಿಗಳಿಗೆ ಶ್ಲೇಷೆ, ಅಂದರೆ ಒಂದೇ ಮಾತಿಗೆ ಎರಡರ್ಥ ಕೂಡಿಸುವ ಅಲಂಕಾರ, ತಿಳಿಯದ್ದೇನಲ್ಲ, ಹಳಗನ್ನಡದ ಚಂಪೂಕಾವ್ಯಗಳಲ್ಲಿ ಅದು ತುಂಬಿ ತುಳುಕುತ್ತದೆ. ಆದರೆ ಆ ಶ್ಲೇಷೆ ಪದವನ್ನು ಒಡೆದು, ಸಂಧಿಯನ್ನು ಬಿಡಿಸಿ, ವಾಕ್ಯವನ್ನು ಮತ್ತೆ ಹೊಂದಿಸಿದಾಗ ಕಿವಿಗೆ ಹೊಳೆಯುವಂಥದೇ ಹೊರತು ಒಂದು ಮೀನನ್ನೋ ಹೂಜಿಯನ್ನೋ ತೋರಿಸಿ ಹೊಳೆಯಿಸಬಹುದಾದದ್ದಲ್ಲ. ಹೀಗಾಗಿ ಕನ್ನಡದ ಬಡಗಿ ಹಾರೈಕೆಗೆ ಬೇರೆಯ ದಾರಿಯನ್ನೇ ಹಿಡಿಯಬೇಕಾಯಿತು.

ಆ ದಾರಿ ಯಾವುದೆಂದು ತಿಳಿಯಲು ಮಂಚದ ಬಳಿಗೆ ಹೋದರೆ ನಿರಾಸೆಯಾಗುತ್ತದೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯ ಹಳೆಯ ಮನೆಗಳಲ್ಲಿ ಮಂಚವಿದ್ದರೆ ಅದು ಹಗ್ಗದ್ದೋ ಹಲಗೆಯದೋ ಆದ ಸಾದಾ ಮಂಚ. ಮನೆಮಂದಿ ಪಡಸಾಲೆಯಲ್ಲೋ ನಡುಮನೆಯಲ್ಲೋ ಚಾಪೆ, ಜಮಖಾನ, ಕಂಬಳಿ ಹಾಸಿ ಮಲಗುತ್ತಿದ್ದರು, ಬೆಳಗಾದೊಡನೆ ಹಾಸಿಗೆ ಸುತ್ತಿ ಮೂಲೆ ಸೇರುತ್ತಿತ್ತು. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಮಣ್ಣಿನ ಗೋಡೆ, ಮೇಲೆ ಜಂತೆಗಳ ಸಾಲು, ಅದರ ಮೇಲೆ ಮಣ್ಣು ಹಾಸಿ ಬಡಿದ ಮಾಳಿಗೆ ಇರುವ ಮನೆಗಳೇ ಹೆಚ್ಚು. ಎರಡು ಕಂಬಗಳ ನಡುವಣ ಅವಕಾಶಕ್ಕೆ ಅಂಕಣ ಎಂದು ಹೆಸರು, ಮನೆಯ ದೊಡ್ಡಸ್ತಿಕೆಯನ್ನು ಎಷ್ಟು ಅಂಕಣದ ಮನೆ ಎಂದೇ ಅಳೆಯುತ್ತಿದ್ದರು. ಮರ ದುಬಾರಿಯಾದ ಸೀಮೆಯಲ್ಲಿ ತೇಗವನ್ನು ಮಲೆನಾಡಿನ ಕಡೆಯಿಂದ ತರಬೇಕಾಗಿತ್ತಾದುದರಿಂದ ಹೊನ್ನೆ, ಮತ್ತಿ, ಬೇವುಗಳೂ ಬಳಕೆಯಲ್ಲಿದ್ದವು, ಕೆತ್ತನೆಗೆ ಮೀಸಲಾಗುತ್ತಿದ್ದುದು ಮನೆಯ ಕೆಲವೇ ಅವಯವಗಳು: ತಲೆಬಾಗಿಲಿನ ಬಾಗಿಲವಾಡ, ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ಬೋದಿಗೆ, ದೇವರ ಮನೆಯ ಬಾಗಿಲು. ಬಾಗಿಲವಾಡದ ಮೇಲಡ್ಡೆಯ ನಡುವಣ ಭಾಗವನ್ನು ಶಿಲ್ಪಶಾಸ್ತ್ರದಲ್ಲಿ ಲಲಾಟಬಿಂಬ, ಅಂದರೆ ಹಣೆಯ ಬಿಂಬ, ಎನ್ನುತ್ತಾರೆ, ಆ ಹಣೆಯಲ್ಲಿ ಗಜಲಕ್ಷ್ಮಿಯೋ ಗಣಪತಿಯೋ ಲಿಂಗ ನಂದಿಯರೋ ಮನೆಯವರ ನಡೆನುಡಿಗೆ ತಕ್ಕಂತೆ ಕೂತಿರುತ್ತಾರೆ. ಇಕ್ಕೆಲದಲ್ಲಿ ಬಳ್ಳಿ ಇಳಿದುಬಂದು ಬುಡದಲ್ಲಿ ಪೂರ್ಣಕಲಶವನ್ನು ಮುಟ್ಟುತ್ತದೆ.

ಚೀನಾದ ಹೂದಾನಿಯನ್ನೂ ಈ ಕಲಶವನ್ನೂ ಹೋಲಿಸಿದರೆ ಎರಡು ನುಡಿಗಳ ನಡುವಣ ಅಂತರ ಕಣ್ಣಿಗೆ ಕಟ್ಟುತ್ತದೆ. ಆಕಾರದಲ್ಲಿ ಎರಡೂ ಪಾತ್ರೆಗಳೇ, ಬಾಯಿಂದ ಎಲೆ ಹೂಗಳು ಚಿಮ್ಮುವುದೂ ಎರಡರಲ್ಲಿಯೂ ಒಂದೇ ತೆರ. ಆದರೆ ಹೂದಾನಿ ಶಾಂತಿಯನ್ನು ಹೇಳುವುದು ತನ್ನ ಹೆಸರಿನ ಸದ್ದಿನಿಂದ, ಒಳಗೇನಿದೆ ಎಂಬುದು ಅಲ್ಲಿ ಮುಖ್ಯವಲ್ಲ. ಕಲಶ ಸಮೃದ್ಧಿಯನ್ನು ಹೇಳುವುದಾದರೋ ತಾನು ತುಂಬಿರುವುದರಿಂದಲೇ. ಊರ ಹೆಸರುಗಳಲ್ಲೇ ಕೆರೆಯನ್ನು ಹೊತ್ತಿರುವ ಸೀಮೆ ಇದು, ಸಿರಿಗೆರೆ, ಹೊಳಲ್ಕೆರೆ, ಚಳ್ಳಕೆರೆ ಎಂದು ಹೇಳುತ್ತ ಹೋದರೆ ನೀರಿನ ಹಂಬಲವೇ ನಕ್ಷೆಯಾಗಿ ನಿಲ್ಲುತ್ತದೆ. ಚಿತ್ರದುರ್ಗದ ಬುಡದಲ್ಲಿರುವ ಚಂದ್ರವಳ್ಳಿಯಲ್ಲಿ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಬಂಡೆಗಲ್ಲಿನ ಶಾಸನ ದಾಖಲಿಸಿರುವುದೂ ಒಂದು ಕೆರೆಯನ್ನೇ. ಇಂಥ ನೆಲದಲ್ಲಿ ತುಂಬಿದ ಕೊಡವೊಂದನ್ನು ಬಾಗಿಲ ಬುಡದಲ್ಲಿ ಕೆತ್ತಿದಾಗ ಅದಕ್ಕೆ ನಿಘಂಟು ಬೇಕಾಗುವುದಿಲ್ಲ, ಬಾವಿಯಿಂದ ಕೊಡ ಹೊತ್ತು ಅದೇ ಬಾಗಿಲನ್ನು ದಾಟುವ ಹೆಣ್ಣುಮಗಳು ದಿನಕ್ಕೆ ಹತ್ತು ಬಾರಿ ಆ ಕೆತ್ತನೆಗೆ ಅರ್ಥ ಬರೆಯುತ್ತಾಳೆ.

ಇಲ್ಲಿಯೇ ಕನ್ನಡದ ಕೆತ್ತನೆಯ ತಾಯ್ನುಡಿ ಯಾವುದೆಂಬುದಕ್ಕೆ ಉತ್ತರವೂ ಇದೆ: ಅದು ಪದವಲ್ಲ, ನಡೆ. ಹೊಸ ಮನೆಗೆ ತಲೆಬಾಗಿಲು ನಿಲ್ಲಿಸುವ ದಿನ ಹೊಸ್ತಿಲ ಕೆಳಗೆ ನವಧಾನ್ಯ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಆಚಾರಿಗೆ, ಎಂದರೆ ಬಡಗಿಗೆ, ಎಲೆಯಡಿಕೆ ಕಾಣಿಕೆ ಕೊಟ್ಟ ಮೇಲೆ ಮಾತ್ರ ಅದು ಬಾಗಿಲಾಗುತ್ತದೆ, ಅಲ್ಲಿಯವರೆಗೆ ಅದು ಮರ. ಮದುಮಗಳು ಅಕ್ಕಿ ತುಂಬಿದ ಸೇರನ್ನು ಒದ್ದು ಒಳಬರುವುದು ಅದೇ ಹೊಸ್ತಿಲ ಮೇಲಿನಿಂದ. ಮಲಗುವ ಮಂಚ ಬೋಳಾಗಿ ಉಳಿದು ಬಾಗಿಲು ಸಿಂಗಾರಗೊಂಡಿದ್ದಕ್ಕೆ ಬಡತನವೊಂದೇ ಕಾರಣವೆನ್ನಲಾಗದು. ಚೀನಾದಲ್ಲಿ ಹಾರೈಕೆ ಗಂಡಹೆಂಡಿರ ಸುತ್ತ ಗೋಡೆಯಂತೆ ಕಟ್ಟಿಕೊಂಡು ನಿಂತರೆ, ಇಲ್ಲಿ ಅದು ಎಲ್ಲರೂ ಹಾಯುವ ದಾರಿಯಲ್ಲಿ ನಿಂತಿತು, ಬಂದವರೆಲ್ಲ ಅದನ್ನು ದಾಟಬೇಕು, ದಾಟುವಾಗ ತಲೆ ತಗ್ಗಿಸಬೇಕು.

ಮಂಚಕ್ಕೆ ಸಲ್ಲದ ಕುಸುರಿ ತೊಟ್ಟಿಲಿಗೆ ಸಂದಿದೆ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ತೇಗದ ಮರದಿಂದ ಮಾಡಿ, ಅರಗಿನ ಹೊಳಪು ಕೊಟ್ಟು, ರಾಮಾಯಣದ ಮತ್ತು ಕೃಷ್ಣಲೀಲೆಯ ಚಿತ್ರಗಳನ್ನು ಬರೆದ ಬಣ್ಣದ ತೊಟ್ಟಿಲುಗಳು ನಾಡಿನಲ್ಲೆಲ್ಲ ಹೆಸರಾದವು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಮಗಳನ್ನು ಮೊಮ್ಮಗುವಿನ ಜೊತೆ ಗಂಡನ ಮನೆಗೆ ಕಳಿಸುವಾಗ ತೊಟ್ಟಿಲು ಬಟ್ಟಲು ಕೊಟ್ಟು ಕಳಿಸುವುದು ವಾಡಿಕೆ, ನಿಂಗ್ಬೋ ಸೀಮೆಯ ಕೆಂಪು ಮೆರವಣಿಗೆಗೆ ಕನ್ನಡ ನಾಡಿನಲ್ಲಿ ಹತ್ತಿರದ ಹೋಲಿಕೆ ಹುಡುಕಿದರೆ ಸಿಗುವುದು ಇದೇ. ವ್ಯತ್ಯಾಸವೆಂದರೆ ಚೀನಾದ ಮಂಚ ಮಗು ಹುಟ್ಟಲೆಂದು ಬೇಡುತ್ತದೆ, ಕನ್ನಡದ ತೊಟ್ಟಿಲು ಹುಟ್ಟಿದ ಮಗು ಬಾಳಲೆಂದು ಬೇಡುತ್ತದೆ. ಹೆಸರಿಡುವ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿಟ್ಟು ತೂಗುವ ರೂಢಿ ಹಲವೆಡೆ ಇದೆ, ಕಲ್ಲಿನಷ್ಟು ಗಟ್ಟಿಯಾಗಿ ಮಗು ಉಳಿಯಲಿ ಎಂಬ ಆಸೆ ಅದರಲ್ಲಿದೆ. ಚೀನಾದಲ್ಲಿ ಮದುವೆಯ ಮುನ್ನ ಹೊಸ ಮಂಚದ ಮೇಲೆ ಗಂಡುಮಗುವೊಂದನ್ನು ಉರುಳಾಡಿಸುತ್ತಿದ್ದರು, ಹಾಸಿಗೆಯ ಮೇಲೆ ಒಣ ಎಲಚಿ ಹಣ್ಣು, ಕಡಲೆಕಾಯಿ, ಲೋಂಗನ್ ಹಣ್ಣು, ತಾವರೆಬೀಜ ಎರಚುತ್ತಿದ್ದರು, ಈ ನಾಲ್ಕರ ಹೆಸರಿನ ಸದ್ದುಗಳನ್ನು ಕೂಡಿಸಿದರೆ ಬೇಗ ಕುಲದೀಪಕ ಹುಟ್ಟಲಿ ಎಂಬ ವಾಕ್ಯವಾಗುತ್ತದೆ. ಕನ್ನಡ ನಾಡಿನಲ್ಲಿ ಉಡಿ ತುಂಬುವಾಗ, ಕೆಲವೆಡೆ ಮಡಿಲಕ್ಕಿ ಕೊಡುವುದು ಎನ್ನುವ ಆಚರಣೆಯಲ್ಲಿ, ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಸಿನದ ಕೊಂಬುಗಳ ಜೊತೆ ಉತ್ತತ್ತಿಯೂ ಬೀಳುತ್ತದೆ. ಅಲ್ಲಿಯೂ ಒಣಹಣ್ಣು, ಇಲ್ಲಿಯೂ ಒಣಹಣ್ಣು. ಅಲ್ಲಿ ಅದು ಇರುವುದು ‘ಬೇಗ’ ಎಂಬ ಪದದ ಸದ್ದು ಅದರ ಹೆಸರಿನಲ್ಲಿ ಇರುವುದಕ್ಕಾಗಿ, ಇಲ್ಲಿ ಇರುವುದು ಸೆರಗು ತುಂಬಿ ಭಾರವಾಗುವುದಕ್ಕಾಗಿ.

ಆಕೃತಿಗಳು ದೇಶ ದಾಟಿ ಪಯಣಿಸಬಲ್ಲವು, ಅರ್ಥಗಳು ಅಷ್ಟು ಸುಲಭವಾಗಿ ದಾಟುವುದಿಲ್ಲ ಎಂಬುದಕ್ಕೆ ಭಾರತದಿಂದಲೇ ಚೀನಾಕ್ಕೆ ಹೋದ ಆಕೃತಿಗಳಿಗಿಂತ ಬಲವಾದ ಸಾಕ್ಷಿ ಬೇಕಿಲ್ಲ. ಬೌದ್ಧ ಧರ್ಮದ ಜೊತೆ ಅಲ್ಲಿಗೆ ಹೋದ ಸ್ವಸ್ತಿಕವನ್ನು ಕ್ರಿಸ್ತಶಕ 693ರಲ್ಲಿ ಸಾಮ್ರಾಜ್ಞಿ ವೂ ಝೆತಿಯನ್ ‘ವಾನ್’ ಎಂದು ಓದಬೇಕೆಂದು ವಿಧಿಸಿದಳು. ‘ವಾನ್’ ಎಂದರೆ ಹತ್ತು ಸಾವಿರ, ಲೆಕ್ಕವಿಲ್ಲದಷ್ಟು. ಅಂದಿನಿಂದ ಅದು ಒಂದು ಅಂಕಿಯಾಯಿತು, ಮಂಚದ ಕಟಾಂಜನದ ಜಾಲರಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಮುಗಿಯದ ಆಯುಷ್ಯ, ಮುಗಿಯದ ಸಂತತಿ ಎಂದು ಹೇಳತೊಡಗಿತು. ಅದೇ ಆಕೃತಿ ಕನ್ನಡದ ಮನೆಯ ಹೊಸ್ತಿಲ ಮುಂದೆ ರಂಗೋಲಿಯಾಗಿ ಬಿದ್ದಾಗ ಅದಕ್ಕೆ ಅಂಕಿಯ ಅರ್ಥವೇ ಇಲ್ಲ, ಒಳ್ಳೆಯದಾಗಲಿ ಎಂಬ ಮೂಲ ಭಾವವೊಂದೇ ಇದೆ, ಅದೂ ಮರುದಿನ ಬೆಳಿಗ್ಗೆ ಸಾರಿಸಿ ಅಳಿಸಿ ಮತ್ತೆ ಬರೆಯುವವರೆಗೆ. ಸಿಂಹದ ಕಥೆ ಇನ್ನೂ ಸ್ವಾರಸ್ಯದ್ದು. ಚೀನಾದ ಕಾಡುಗಳಲ್ಲಿ ಸಿಂಹವಿರಲಿಲ್ಲ, ಅದು ಪಶ್ಚಿಮದಿಂದ ಕಾಣಿಕೆಯಾಗಿ, ಬೌದ್ಧ ಶಿಲ್ಪವಾಗಿ ಬಂತು. ‘ಶಿ’ ಎಂಬ ಅದರ ಹೆಸರು ಗುರುವಿಗಿರುವ ಪದದಂತೆಯೇ ಕೇಳಿಸುವುದರಿಂದ ದೊಡ್ಡ ಸಿಂಹ ಮತ್ತು ಮರಿಸಿಂಹಗಳ ಜೋಡಿ ಆಸ್ಥಾನದ ಹಿರಿಯ ಗುರು, ಕಿರಿಯ ಗುರು ಎಂಬ ಎರಡು ಉನ್ನತ ಪದವಿಗಳ ಸೂಚಕವಾಗಿ ತಂದೆಮಕ್ಕಳಿಬ್ಬರಿಗೂ ಆ ಪದವಿ ಸಿಗಲೆಂದು ಹಾರೈಸತೊಡಗಿತು. ತಾವರೆ ಎರಡೂ ನಾಡುಗಳ ಹೂವು. ಅಲ್ಲಿ ಅದರ ‘ಲಿಯೆನ್’ ಎಂಬ ಹೆಸರು ಎಡೆಬಿಡದೆ ಎಂಬ ಪದಕ್ಕೆ ಜೊತೆಯಾಗಿ, ಮೀನಿನೊಡನೆ ಸೇರಿದಾಗ ವರ್ಷ ವರ್ಷವೂ ಉಳಿಕೆಯಿರಲಿ ಎಂದಾಗುತ್ತದೆ. ಇಲ್ಲಿ ಅದು ಲಕ್ಷ್ಮಿಯ ಪೀಠ, ಕೆಸರಿನಲ್ಲಿದ್ದೂ ಕೆಸರು ಅಂಟದ್ದು.

ಚೀನಾ ಮತ್ತು ಚಿತ್ರದುರ್ಗಗಳನ್ನು ಹೀಗೆ ಒಟ್ಟಿಗೆ ತರುವುದು ಬಲವಂತದ ಹೋಲಿಕೆಯೆಂದು ತೋರಬಹುದು. ಆದರೆ 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆ ಅದೇ ಚಂದ್ರವಳ್ಳಿಯಲ್ಲಿ ನಡೆಸಿದ ಅಗೆತದಲ್ಲಿ ಶಾತವಾಹನರ ಮತ್ತು ರೋಮಿನ ನಾಣ್ಯಗಳಿದ್ದ ನೆಲದಲ್ಲಿಯೇ ಚೀನಾದ ನಾಣ್ಯವೊಂದೂ ದೊರೆತು, ಅಂದಿನ ವಿದ್ವಾಂಸರು ಅದನ್ನು ಹಾನ್ ಅರಸರ ಕಾಲದ್ದೆಂದು ಗುರುತಿಸಿದರು. ನಿಂಗ್ಬೋದ ಬಡಗಿಯ ಪಾಲಿಗೆ ಭಾಗ್ಯ ಕಣ್ಣ ಮುಂದಿದೆ ಎಂದು ಸಾರುವ ವಸ್ತು ಚಂದ್ರವಳ್ಳಿಯ ಮಣ್ಣಿನಲ್ಲಿ ಬರಿಯ ಲೋಹವಾಗಿ, ಹೆಚ್ಚೆಂದರೆ ವ್ಯಾಪಾರದ ಸಾಕ್ಷಿಯಾಗಿ ಮಲಗಿತ್ತು. ಮರದ ನಂಟೂ ಇದೆ. ಚಿಂಗ್ ಅರಮನೆಯವರು ಎಲ್ಲಕ್ಕಿಂತ ಮಿಗಿಲೆಂದು ಬಗೆದ ‘ಝಿತಾನ್’ ಎಂಬ ಕಡುಕೆಂಪು ಮರವನ್ನು ಸಸ್ಯತಜ್ಞರು ಸಾಮಾನ್ಯವಾಗಿ ರಕ್ತಚಂದನವೆಂದೇ ಗುರುತಿಸುತ್ತಾರೆ. ಅದರ ತವರು ನೆರೆಯ ಆಂಧ್ರದ ಕಡಪ, ಚಿತ್ತೂರು ಕಡೆಯ ಗುಡ್ಡಗಳು, ಆ ಮರದ ಕಳ್ಳಸಾಗಣೆಯ ಸುದ್ದಿ ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ಚಿತ್ರದುರ್ಗ ಸೀಮೆಯ ಬಡಗಿ ಬಾಗಿಲಿಗೆ ಬಳಸಿದ ಹೊನ್ನೆ ಇದೇ ರಕ್ತಚಂದನದ ಕುಲಕ್ಕೆ ಸೇರಿದ ಮರ. ಬೀಜಿಂಗಿನ ಅರಸನ ಪೀಠಕ್ಕೂ ಬಯಲುಸೀಮೆಯ ರೈತನ ಹೊಸ್ತಿಲಿಗೂ ಮರದ ಮಟ್ಟದಲ್ಲಿ ದಾಯಾದಿ ಸಂಬಂಧವಿದೆ, ಅವು ಆಡಿದ ಮಾತು ಮಾತ್ರ ಬೇರೆ.

ಅಳತೆಯ ವಿಷಯದಲ್ಲಂತೂ ಎರಡು ನಾಡುಗಳ ಬಡಗಿಗಳು ಬೆರಗಾಗುವಷ್ಟು ಹತ್ತಿರ ಬರುತ್ತಾರೆ. ಚೀನೀ ಬಡಗಿಗಳ ಕುಲದೈವವಾದ ಲು ಬಾನ್‌ನ ಹೆಸರಿನ ಅಳತೆಗೋಲಿನಲ್ಲಿ ಎಂಟು ಭಾಗಗಳಿವೆ, ಐಶ್ವರ್ಯ, ರೋಗ, ಅಗಲಿಕೆ, ನ್ಯಾಯ, ಪದವಿ, ಕಳವು, ಕೇಡು, ಶುಭ ಎಂಬ ಆ ಎಂಟರಲ್ಲಿ ಬಾಗಿಲಿನ ಅಗಲ ಒಳ್ಳೆಯ ಭಾಗದ ಮೇಲೆಯೇ ಬಂದು ನಿಲ್ಲಬೇಕು. ಕನ್ನಡ ನಾಡಿನ ವಾಸ್ತುವಿನಲ್ಲಿ ಆಯ ಎಂಬ ಲೆಕ್ಕವೊಂದಿದೆ, ಅಳತೆಯನ್ನು ಎಂಟರಿಂದ ಭಾಗಿಸಿ ಉಳಿದ ಶೇಷವನ್ನು ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂದು ಎಣಿಸುತ್ತಾರೆ, ಬೆಸಸಂಖ್ಯೆಯ ಧ್ವಜ, ಸಿಂಹ, ವೃಷಭ, ಗಜಗಳು ಶುಭ, ಉಳಿದವು ಅಶುಭ. ಎರಡು ಕಡೆಯೂ ಎಂಟು, ಎರಡು ಕಡೆಯೂ ಬಾಗಿಲು. ಆದರೂ ಲು ಬಾನ್‌ನ ಗೋಲು ಫಲವನ್ನು ನೇರವಾಗಿ ಹೆಸರಿಸಿದರೆ, ಆಯದ ಲೆಕ್ಕ ಆನೆ, ಕಾಗೆ, ಹೊಗೆ, ಬಾವುಟಗಳನ್ನು ಮುಂದಿಟ್ಟು ಫಲವನ್ನು ಊಹೆಗೆ ಬಿಡುತ್ತದೆ.

ಈ ವಾದಕ್ಕೆ ಎದುರಾಗಿ ಎರಡು ಆಕ್ಷೇಪಗಳು ಏಳುತ್ತವೆ. ಬಡಗಿಗಳು ತಲೆಮಾರಿನಿಂದ ಬಂದ ಮಾದರಿಯನ್ನು ಕೈಯಭ್ಯಾಸದಿಂದ ಕೆತ್ತಿದರೇ ಹೊರತು ಅರ್ಥವನ್ನು ಚಿಂತಿಸಿ ಕೆತ್ತಲಿಲ್ಲ, ಆದ್ದರಿಂದ ಅದನ್ನು ಮಾತೆಂದು ಕರೆಯುವುದು ಪಂಡಿತರ ಹುಮ್ಮಸ್ಸು ಎಂಬುದು ಮೊದಲನೆಯದು. ಇದಕ್ಕೆ ಉತ್ತರವನ್ನು ಕೆತ್ತನೆಯನ್ನು ಪ್ರೀತಿಸಿದವರಿಗಿಂತ ದ್ವೇಷಿಸಿದವರೇ ಕೊಟ್ಟಿದ್ದಾರೆ. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಹಳೆಯ ಮಂಚಗಳ ಮೇಲಿನ ಮನುಷ್ಯಾಕೃತಿಗಳ ಮುಖಗಳನ್ನು ಉಳಿಯಿಂದ ಕೆತ್ತಿ ಅಳಿಸಿದರು, ಮುಖವಿಲ್ಲದ ಮೈಗಳು ಇಂದಿಗೂ ಎಷ್ಟೋ ಮಂಚಗಳ ಮೇಲೆ ಸಾಲಾಗಿ ನಿಂತಿವೆ. ಅಲಂಕಾರವೆಂದಷ್ಟೇ ತಿಳಿದಿದ್ದರೆ ಯಾರೂ ಅಷ್ಟು ಶ್ರಮಪಟ್ಟು ಮುಖ ಅಳಿಸುವುದಿಲ್ಲ, ಮಾತಾಡುವುದರ ಬಾಯಿಯನ್ನು ಮಾತ್ರ ಮುಚ್ಚಿಸುತ್ತಾರೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ತಳ್ಳಿಹಾಕಲು ಬರುವುದಿಲ್ಲ. ಈ ಹಾರೈಕೆಗಳೆಲ್ಲ ಯಾರ ಹಾರೈಕೆಗಳು? ಚೀನಾದ ಮಂಚ ಬೇಡುವುದು ಗಂಡುಮಕ್ಕಳನ್ನು, ಆ ಗಂಡುಮಕ್ಕಳಿಗೆ ಸರ್ಕಾರಿ ಪದವಿಯನ್ನು. ಪಾದ ಕಟ್ಟಿಸಿಕೊಂಡು ಒಳಮನೆಯಲ್ಲೇ ಬದುಕು ಕಳೆಯಬೇಕಾಗಿದ್ದ ಹೆಣ್ಣಿಗೆ ಆ ಮಂಚ ಸುತ್ತಣ ಮೂರು ಬದಿಯಿಂದಲೂ ಅವಳ ಕರ್ತವ್ಯವನ್ನು ನೆನಪಿಸುತ್ತಿತ್ತು. 16ನೆಯ ಶತಮಾನದ ಕೊನೆಯ ಭಾಗದ ‘ಜಿನ್ ಪಿಂಗ್ ಮೇ’ ಎಂಬ ಕಾದಂಬರಿಯಲ್ಲಿ ಧನಿಕನೊಬ್ಬ ತನ್ನ ಮಡದಿಯೊಬ್ಬಳಿಗೆ ಮುತ್ತಿನ ಚಿಪ್ಪು ಕೂರಿಸಿದ ಮಂಚವನ್ನು 60 ಲಿಯಾಂಗ್ ಬೆಳ್ಳಿ ಕೊಟ್ಟು ತರುತ್ತಾನೆ, ಅದೇ ಕಾದಂಬರಿಯಲ್ಲಿ ಅವಳ ಸೇವೆಗೆ ಕೊಂಡ ದಾಸಿ ಹುಡುಗಿಯ ಬೆಲೆ 6 ಲಿಯಾಂಗ್. ಒಂದು ಮಂಚಕ್ಕೆ ಹತ್ತು ಹುಡುಗಿಯರು. ಕನ್ನಡದ ಉಡಿಯಕ್ಕಿಯೂ ಬಂಜೆ ಎನಿಸಿಕೊಂಡವಳನ್ನು, ಗಂಡ ಸತ್ತವಳನ್ನು ಹೊರಗಿಟ್ಟೇ ನಡೆದದ್ದು. ಇವನ್ನು ಮರೆತು ಹಳೆಯ ಕುಸುರಿಯ ಮುಂದೆ ಕೈಮುಗಿದು ನಿಲ್ಲುವ ಹಳಹಳಿಕೆ ಪ್ರಾಮಾಣಿಕವಾಗಲಾರದು. ಆದರೆ ಅನ್ಯಾಯವನ್ನು ಗುರುತಿಸಲಿಕ್ಕೂ ಓದು ಬಂದಿರಬೇಕು: ಪಟ್ಟಿಯ ವಿಧಾನ ದಾಳಿಂಬೆಗೆ ಸಂತಾನ ಎಂದು ಬರೆದು ಮುಂದೆ ಹೋಗುತ್ತದೆ, ಯಾರಿಂದ ಬೇಡಿದ ಸಂತಾನ, ಆಗದಿದ್ದರೆ ಅವಳ ಪಾಡೇನು ಎಂದು ಕೇಳುವುದು ಅದಕ್ಕೆ ಸಾಧ್ಯವಿಲ್ಲ.

ಇಲ್ಲಿ ಸಿರಿಗೆರೆಯ ಹೆಸರು ಕೇವಲ ಭೂಗೋಳದ ಗುರುತಾಗಿ ಉಳಿಯುವುದಿಲ್ಲ. ಆ ಊರಿನ ತರಳಬಾಳು ಜಗದ್ಗುರು ಬೃಹನ್ಮಠದ ಹೆಸರೇ ಒಂದು ಹಾರೈಕೆ. ಮಠದ ಪರಂಪರೆ ಹೇಳುವಂತೆ, 12ನೆಯ ಶತಮಾನದಲ್ಲಿದ್ದ ಮರುಳಸಿದ್ಧರು ತಮ್ಮ ಶಿಷ್ಯನಾದ ತೆಲಗುಬಾಳು ಸಿದ್ಧೇಶ್ವರರನ್ನು ಪೀಠದಲ್ಲಿ ಕುಳ್ಳಿರಿಸಿ ‘ತರಳ, ಬಾಳು’ ಎಂದು ಹರಸಿದರು, ಮಗೂ ಬಾಳು ಎಂಬ ಆ ಎರಡು ಪದಗಳೇ ಪೀಠದ ಹೆಸರಾದವು. ಮಾಘಮಾಸದಲ್ಲಿ ಪ್ರತಿವರ್ಷ ಬೇರೆ ಬೇರೆ ಊರುಗಳಲ್ಲಿ ನಡೆಯುವ ತರಳಬಾಳು ಹುಣ್ಣಿಮೆಯಲ್ಲಿ ಅದೇ ಹರಕೆಯನ್ನು ನೆರೆದ ಜನಕ್ಕೆಲ್ಲ ಹೇಳುವುದು ರೂಢಿ. ಚೀನಾದ ಮಂಚ ಸಾವಿರ ಆಳುಗೆಲಸದಲ್ಲಿ ಹೇಳಿದ್ದನ್ನು ಈ ಹರಕೆ ಎರಡು ಪದಗಳಲ್ಲಿ ಹೇಳುತ್ತದೆ, ಹೇಳುವಾಗ ಅದರಿಂದ ಮುಖ್ಯವಾದ ಒಂದಂಶವನ್ನು ಬಿಡಿಸಿಬಿಡುತ್ತದೆ. ಹರಸಿದವರು ವಿರಕ್ತರು, ಹರಕೆ ಪಡೆದವನು ಶಿಷ್ಯ, ಇಲ್ಲಿ ಸಂತತಿ ಮುಂದುವರಿಯುವುದು ರಕ್ತದಿಂದಲ್ಲ, ಅರಿವಿನಿಂದ. ಸಿರಿಯನ್ನಾಗಲಿ ಪದವಿಯನ್ನಾಗಲಿ ಕುಲದೀಪಕನನ್ನಾಗಲಿ ಅದು ಹೆಸರಿಸುವುದಿಲ್ಲ, ಬಾಳು ಎಂದಷ್ಟೇ ಹೇಳುತ್ತದೆ. ಶರಣರ ಚಿಂತನೆಯಲ್ಲಿ ಸ್ಥಾವರ, ಜಂಗಮ ಎಂಬ ಎರಡು ಮಾತುಗಳಿವೆ: ನಿಂತದ್ದು, ಕಟ್ಟಿಸಿದ್ದು ಸ್ಥಾವರ, ನಡೆಯುವುದು, ಜೀವಂತವಾದದ್ದು ಜಂಗಮ. ಈ ಕಣ್ಣಿನಿಂದ ನೋಡಿದರೆ ಬಾಗಿಲವಾಡ ಸ್ಥಾವರ, ಅದನ್ನು ದಾಟುವ ನಡೆ ಜಂಗಮ, ತೊಟ್ಟಿಲು ಸ್ಥಾವರ, ತೂಗುವ ಕೈ ಮತ್ತು ಹಾಡು ಜಂಗಮ. ಹಾರೈಕೆ ಎಂದಿಗೂ ಎರಡನೆಯದರಲ್ಲಿಯೇ ಇತ್ತು.

ಹಾಗಿದ್ದರೆ ಮರ ಉಳಿದರೇನು, ಹೋದರೇನು ಎಂದು ಕೇಳುವುದು ಸುಲಭ, ಆದರೆ ಅದು ತಪ್ಪು ತೀರ್ಮಾನ. ಹಾಡಿಗೆ ತೊಟ್ಟಿಲು ಬೇಕು, ನಡೆಗೆ ಹೊಸ್ತಿಲು ಬೇಕು. ಬಯಲುಸೀಮೆಯ ಮಾಳಿಗೆ ಮನೆಗಳು ಬಿದ್ದು ಸಿಮೆಂಟಿನ ಮನೆಗಳು ಏಳುತ್ತಿರುವ ಈ ಹೊತ್ತಿನಲ್ಲಿ ಹಳೆಯ ಕಂಬ, ಬೋದಿಗೆ, ಬಾಗಿಲುಗಳು ತೂಕದ ಲೆಕ್ಕದಲ್ಲಿ ಮಾರಾಟವಾಗಿ ನಗರದ ಹೋಟೆಲು, ರೆಸಾರ್ಟುಗಳ ಗೋಡೆ ಸೇರುತ್ತಿವೆ. ಸೌದೆಯಾಗುವುದಕ್ಕಿಂತ ಇದು ಮೇಲು ಎಂಬುದು ನಿಜ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಮುಧೋಳದ ದರ್ಬಾರು, ಕುಕನೂರಿನ ಕಮಲ ಮಹಲುಗಳಂಥ ರಚನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು ಒಬ್ಬ ಮನುಷ್ಯನ ಬಾಳಿನ ಸಾಧನೆಯಾಗಿ ಎಂದೆಂದಿಗೂ ಗೌರವಕ್ಕೆ ಅರ್ಹವಾದದ್ದು, ಅಲ್ಲಿ ಮರದ ಜೊತೆಗೆ ಮನೆಯ ಕ್ರಮವೂ ಉಳಿದಿದೆ. ರೆಸಾರ್ಟಿನ ಊಟದ ಮೇಜಾಗಿ ಅಡ್ಡ ಮಲಗಿಸಿದ ತಲೆಬಾಗಿಲಲ್ಲಿ ಉಳಿಯುವುದು ಮರ ಮಾತ್ರ. ಲಲಾಟದ ಗಜಲಕ್ಷ್ಮಿ ಗಾಜಿನ ಕೆಳಗೆ ಅಂಗಾತ ಮಲಗಿರುತ್ತಾಳೆ, ಅವಳ ಕೆಳಗೆ ಯಾರೂ ಹಾಯುವುದಿಲ್ಲ.

ಚೀನಾದಲ್ಲಿ ಈ ಅಪಾಯವನ್ನು ಮೊದಲೇ ಕಂಡವರು ವಾಂಗ್ ಶಿಶಿಯಾಂಗ್ ಎಂಬ ವಿದ್ವಾಂಸರು. 1914ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಮಿಂಗ್ ಕಾಲದ ಪೀಠೋಪಕರಣಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರು. ಅವರು ಕೂಡಿಹಾಕಿದ 79 ವಸ್ತುಗಳು ಇಂದು ಶಾಂಘೈ ಮ್ಯೂಸಿಯಂನಲ್ಲಿವೆ. ಅವರ ಹೆಚ್ಚುಗಾರಿಕೆ ಇರುವುದು ವಸ್ತುಗಳ ಸಂಖ್ಯೆಯಲ್ಲಲ್ಲ, ಬೀಜಿಂಗಿನ ಹಳೆಯ ಮರಗೆಲಸದವರ ಪಕ್ಕದಲ್ಲಿ ಕೂತು ಒಂದೊಂದು ಕೂಡುಗೆ, ಒಂದೊಂದು ಅಂಚು, ಒಂದೊಂದು ಬಾಗಿಗೆ ಅವರು ಬಳಸುತ್ತಿದ್ದ ಪದಗಳನ್ನು ಕೇಳಿ ಬರೆದುಕೊಂಡು ಕೋಶವಾಗಿಸಿದ್ದರಲ್ಲಿ. ಮರವನ್ನು ಕೊಂಡವರು ಹಲವರು, ಮರದ ಮಾತನ್ನು ಕೇಳಿ ಇಟ್ಟವರು ಕೆಲವರೇ. ಸಿರಿಗೆರೆ, ಭರಮಸಾಗರ, ಹೊಳಲ್ಕೆರೆಗಳ ಸುತ್ತಿನ ಹಳ್ಳಿಗಳಲ್ಲಿ ಈ ಕೆಲಸಕ್ಕೆ ದೊಡ್ಡ ಹಣ ಬೇಕಿಲ್ಲ. ಮನೆಯೊಂದನ್ನು ಬಿಚ್ಚುವ ಮುನ್ನ ಎಷ್ಟು ಅಂಕಣ, ಯಾವ ಆಯ, ಯಾವ ಮರ, ಬೋದಿಗೆಯ ಆ ಬಳ್ಳಿಗೆ ಆಚಾರಿಯ ಮನೆಯಲ್ಲಿ ಏನು ಹೆಸರು, ಬಾಗಿಲು ನಿಲ್ಲಿಸಿದ ದಿನ ಏನೇನು ಇಟ್ಟರು, ಆ ಮನೆಯ ತೊಟ್ಟಿಲಿಗೆ ಯಾವ ಹಾಡು ಹೇಳುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಲು ಒಬ್ಬ ಮಾಸ್ತರರೂ ನಾಲ್ಕು ಜನ ಕಾಲೇಜು ವಿದ್ಯಾರ್ಥಿಗಳೂ ಸಾಕು. ಹೊನ್ನೆಯ ಬಾಗಿಲು ಇನ್ನೂ ನೂರು ವರ್ಷ ಕಾಯಬಲ್ಲದು, ಎಂಬತ್ತು ದಾಟಿದ ಸೋಬಾನೆಯ ಅಜ್ಜಿ ಅಷ್ಟು ಕಾಯಲಾರಳು, ಆದ್ದರಿಂದ ಮೊದಲು ಹೋಗಬೇಕಾದದ್ದು ಅವಳ ಬಳಿಗೆ.